ಕಡಿಮೆ ಬೆಲೆಯ ಓವರ್-ಅಂಡರ್ ಕೋವಿ: ಅಪರೂಪಕ್ಕೆ ಬಿಲ್ಲೆ ಹೊಡೆಯುವವರು ಏನು ನೋಡಿ ಕೊಳ್ಳಬೇಕು?

ಅಮೆರಿಕದ ಯಾವುದೇ ದೊಡ್ಡ ಕ್ರೀಡಾ ಸಾಮಗ್ರಿ ಅಂಗಡಿಯ ಕೋವಿ ವಿಭಾಗದಲ್ಲಿ ಓವರ್-ಅಂಡರ್‌ಗಳ ಸಾಲನ್ನು ನೋಡಿ. ಒಂದರ ಮೇಲೊಂದು ಕೂತ ಎರಡು ನಳಿಗೆಗಳು, ವಾಲ್‌ನಟ್ ಮರ, ಬೆಳ್ಳಿ ಬಣ್ಣದ ಉಕ್ಕಿನ ಮೇಲೆ ಹಾರುವ ಹಕ್ಕಿಯ ಕೆತ್ತನೆ. ಹತ್ತು ಹೆಜ್ಜೆ ದೂರದಿಂದ ಎಲ್ಲವೂ ಒಂದೇ ತರಹ ಕಾಣುತ್ತವೆ. ಆದರೆ ಒಂದರ ಬೆಲೆ 500 ಡಾಲರ್ ಆಸುಪಾಸು, ಪಕ್ಕದ್ದು 1,000, ಅದರಾಚೆಯದು 2,500. ತಿಂಗಳಿಗೊಮ್ಮೆ ಗೆಳೆಯರೊಂದಿಗೆ ಕ್ಲಬ್ಬಿಗೆ ಹೋಗಿ ಹಾರುವ ಬಿಲ್ಲೆಗಳನ್ನು ಹೊಡೆದು ಬರಬೇಕೆಂದಿರುವವರು ಯಾವುದನ್ನು ಎತ್ತಿಕೊಳ್ಳಬೇಕು? ಅಪರೂಪಕ್ಕೆ ಬಳಸುವ ವಸ್ತುವಿಗೆ ಹೆಚ್ಚು ಹಣ ಏಕೆ ಎಂದು ಬಹಳ ಮಂದಿ ಮೊದಲನೆಯದರತ್ತ ಕೈ ಚಾಚುತ್ತಾರೆ. ನನ್ನ ಲೆಕ್ಕ ಬೇರೆ. ಕೋವಿ ನಿಮ್ಮ ಮೈಗೆ ಹೊಂದುತ್ತದೆಯೇ, ಅದರ ಕೀಲು ಗಟ್ಟಿಯಾಗಿದೆಯೇ, ನಾಳೆ ಬೇಡವಾದಾಗ ಎಷ್ಟಕ್ಕೆ ಮಾರಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಯಾವುದು ಅಗ್ಗ, ಯಾವುದು ದುಬಾರಿ ಎಂದು ಹೇಳಲು ಬರುತ್ತದೆ. ಆ ಲೆಕ್ಕದಲ್ಲಿ ಗೆಲ್ಲುವುದು ಹೆಚ್ಚಿನ ಸಲ ಒಳ್ಳೆಯ ತಯಾರಕರ ಹಳೆಯ ಕೋವಿ.

ಕೋವಿಯ ಮಾತಿಗೆ ಮೊದಲು ಕಾನೂನಿನ ಮಾತು, ಏಕೆಂದರೆ ಇದು ಅಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ನೇರವಾಗಿ ತಟ್ಟುವ ವಿಷಯ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೊಳ್ಳುವುದಷ್ಟೇ ಅಲ್ಲ, ಕ್ಲಬ್ಬಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಈ ನಿಷೇಧದೊಳಗೆ ಬರುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮೀರದ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ತಡೆಯಿಲ್ಲ. ಅಂಗಡಿಯಲ್ಲಿ ತುಂಬುವ 4473 ಎಂಬ ಅರ್ಜಿಯಲ್ಲಿ ಇದನ್ನೇ ಕೇಳುತ್ತಾರೆ. ಸುಳ್ಳು ಬರೆದರೆ ಅದು ಗಂಭೀರ ಅಪರಾಧ, ವೀಸಾದ ಭವಿಷ್ಯಕ್ಕೂ ಕುತ್ತು. ಇದರ ಮೇಲೆ ರಾಜ್ಯಗಳ ನಿಯಮಗಳೂ ಇವೆ: ಇಲಿನಾಯ್‌ನಲ್ಲಿ ಕೋವಿ ಇಟ್ಟುಕೊಳ್ಳಲು, ನ್ಯೂಜೆರ್ಸಿಯಲ್ಲಿ ಕೊಳ್ಳಲು ಪ್ರತ್ಯೇಕ ಗುರುತಿನ ಚೀಟಿ ಬೇಕು. ಗೆಳೆಯರು ಹೇಳಿದರೆಂದು ಮುಂದುವರಿಯಬೇಡಿ. ನಿಮ್ಮ ವೀಸಾ ಯಾವುದು, ರಾಜ್ಯ ಯಾವುದು ಎಂದು ತಿಳಿಸಿ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ.

ಯಾವ ಆಟಕ್ಕೆ ಈ ಕೋವಿ?

ಹೊಡೆಯುವ ಗುರಿ ಸುಮಾರು 11 ಸೆಂಟಿಮೀಟರ್ ಅಗಲದ, 105 ಗ್ರಾಂ ತೂಕದ ಒಂದು ಬಿಲ್ಲೆ. ಕ್ಲೇ, ಅಂದರೆ ಜೇಡಿಮಣ್ಣು, ಎಂದು ಕರೆದರೂ ಈಗ ಅದನ್ನು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ಎರಕ ಹೊಯ್ಯುತ್ತಾರೆ. ಯಂತ್ರ ಅದನ್ನು ಗಾಳಿಗೆ ಎಸೆಯುತ್ತದೆ, ನೀವು ಚರೆಯ ತೋಟಾದಿಂದ ಒಡೆಯಬೇಕು. ಇದರಲ್ಲಿ ಮೂರು ಮುಖ್ಯ ಆಟಗಳಿವೆ.

ಟ್ರ್ಯಾಪ್‌ನಲ್ಲಿ ಯಂತ್ರ ನಿಮ್ಮ ಮುಂದಿನ ತಗ್ಗು ಗೂಡಿನಲ್ಲಿರುತ್ತದೆ. ಕನಿಷ್ಠ 16 ಗಜ ಹಿಂದೆ ನಿಂತು, ದೂರ ಸರಿಯುತ್ತಿರುವ ಬಿಲ್ಲೆಗೆ ಗುರಿಯಿಡುತ್ತೀರಿ. ಐದು ಜಾಗ, ಜಾಗಕ್ಕೆ ಐದರಂತೆ 25 ಬಿಲ್ಲೆ. ಸ್ಕೀಟ್‌ನಲ್ಲಿ ಎಡಕ್ಕೊಂದು ಎತ್ತರದ ಗೂಡು, ಬಲಕ್ಕೊಂದು ತಗ್ಗಿನ ಗೂಡು. ಎಂಟು ಜಾಗಗಳಲ್ಲಿ ಸುತ್ತುತ್ತಾ, ಅಡ್ಡಡ್ಡ ಹಾಯುವ ಬಿಲ್ಲೆಗಳನ್ನು ಹತ್ತಿರದಿಂದ ಹೊಡೆಯಬೇಕು, ಕೆಲವೊಮ್ಮೆ ಎರಡೂ ಗೂಡುಗಳಿಂದ ಒಟ್ಟಿಗೆ ಬರುತ್ತವೆ. 1920ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಆ್ಯಂಡೋವರ್‌ನಲ್ಲಿ ಹಕ್ಕಿ ಬೇಟೆಗಾರರು ಅಭ್ಯಾಸಕ್ಕೆಂದು ರೂಪಿಸಿಕೊಂಡ ಆಟ ಇದು. ಮೂರನೆಯದು ಸ್ಪೋರ್ಟಿಂಗ್ ಕ್ಲೇಸ್: ಕಾಡು, ದಿಣ್ಣೆ, ಕೆರೆಯಂಚಿನಲ್ಲಿ ನಡೆಯುತ್ತಾ ಒಂದೊಂದು ಕಟ್ಟೆಯಲ್ಲಿ ಜೋಡಿ ಬಿಲ್ಲೆಗಳನ್ನು ಹೊಡೆಯುವುದು. ಒಂದು ನೆಲದ ಮೇಲೆ ಮೊಲದಂತೆ ಪುಟಿಯಬಹುದು, ಇನ್ನೊಂದು ಮರಗಳ ಮೇಲಿಂದ ಎದುರಿಗೇ ಬರಬಹುದು. ಅಪರೂಪಕ್ಕೆ ಹೋಗುವ ಗೆಳೆಯರ ಗುಂಪಿಗೆ ಹೆಚ್ಚು ಖುಷಿ ಕೊಡುವುದು ಇದೇ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನೀವು ಅಮೆರಿಕದ ಸಾಮಾನ್ಯ ಟ್ರ್ಯಾಪ್ ಮಾತ್ರ ಆಡುವವರಾದರೆ ಒಂದು ಬಿಲ್ಲೆಗೆ ಒಂದೇ ಈಡು. ಎರಡನೆಯ ನಳಿಗೆಗೆ ಕೆಲಸವೇ ಇಲ್ಲ. ಮಾಸ್‌ಬರ್ಗ್ 500, ರೆಮಿಂಗ್ಟನ್ 870ರಂಥ ಪಂಪ್ ಕೋವಿಗಳು, ಅಂದರೆ ಮುಂದಿನ ಮರವನ್ನು ಕೈಯಿಂದ ಹಿಂದೆಮುಂದೆ ಎಳೆದು ತೋಟಾ ಬದಲಿಸುವ ಒಂಟಿನಳಿಗೆಯವು, ಒಳ್ಳೆಯ ಓವರ್-ಅಂಡರ್‌ಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ, ದಶಕಗಳ ಕಾಲ ಕೆಲಸ ಮಾಡುತ್ತವೆ. ಗ್ಯಾಸ್‌ನ ಒತ್ತಡದಿಂದ ಓಡುವ ಸೆಮಿ-ಆಟೊಮ್ಯಾಟಿಕ್‌ಗಳು ಹೆಗಲಿಗೆ ಬೀಳುವ ಒದೆತವನ್ನೂ ತಗ್ಗಿಸುತ್ತವೆ. ನೋವಿಗೆ ಹೆದರುವವರಿಗೆ ಅವೇ ಸರಿ.

ಹಾಗಾದರೆ ಓವರ್-ಅಂಡರ್ ಏಕೆ? ಮೊದಲನೆಯದಾಗಿ, ಎರಡು ನಳಿಗೆಗಳ ಬಾಯಿಗೆ ಬೇರೆಬೇರೆ ಚೋಕ್, ಅಂದರೆ ಬಾಯನ್ನು ಕಿರಿದಾಗಿಸುವ ಸಣ್ಣ ಕೊಳವೆ, ಹಾಕಬಹುದು: ಹತ್ತಿರದ ಬಿಲ್ಲೆಗೆ ಚರೆ ಅಗಲವಾಗಿ ಹರಡುವಂಥದ್ದು, ದೂರದ್ದಕ್ಕೆ ಗುಂಪಾಗಿ ಹೋಗುವಂಥದ್ದು. ಬೇಟೆಗಾರರು 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಅಳೆಯುವ ಹಳೆಯ ಪದ್ಧತಿಯಂತೆ, ಚೋಕ್ ಇಲ್ಲದ ನಳಿಗೆ ಸುಮಾರು 40 ಪ್ರತಿಶತ ಚರೆಯನ್ನು ವೃತ್ತದೊಳಗೆ ಹಾಕುತ್ತದೆ, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಫುಲ್ ಚೋಕ್ 70. ಸ್ಪೋರ್ಟಿಂಗ್ ಕ್ಲೇಸ್‌ನ ಜೋಡಿ ಬಿಲ್ಲೆಗಳಿಗೆ ಒಂದರಲ್ಲಿ ಇಂಪ್ರೂವ್ಡ್ ಸಿಲಿಂಡರ್, ಇನ್ನೊಂದರಲ್ಲಿ ಮಾಡಿಫೈಡ್ ಹಾಕಿದರೆ ಬಹುತೇಕ ಕೆಲಸ ಮುಗಿಯಿತು. ಎರಡನೆಯದು ಸುರಕ್ಷತೆ. ಕೋವಿಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ಹಿಡಿದರೆ ಅದು ಖಾಲಿ ಎಂಬುದು ಪಕ್ಕದವರಿಗೂ ದೂರದಿಂದಲೇ ಕಾಣುತ್ತದೆ. ಹೊಸಬರ ಗುಂಪಿನಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಇನ್ನು, ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಕಂಡಿರುವ ಪಕ್ಕಪಕ್ಕದ ಜೋಡುನಳಿಗೆಗೆ ಹೋಲಿಸಿದರೆ, ಇಲ್ಲಿ ಕಣ್ಣಿಗೆ ಒಂದೇ ಕಿರಿದಾದ ಗೆರೆ ಕಾಣುತ್ತದೆ. ಕೆಳಗಿನ ನಳಿಗೆ ಹೆಗಲಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಅದರಿಂದ ಮೊದಲ ಈಡು ಹೊಡೆದಾಗ ಕೋವಿಯ ಬಾಯಿ ಕಡಿಮೆ ಮೇಲೇಳುತ್ತದೆ, ಎರಡನೆಯ ಬಿಲ್ಲೆಗೆ ಬೇಗ ತಿರುಗಬಹುದು. ಒಲಿಂಪಿಕ್ಸ್‌ನ ಟ್ರ್ಯಾಪ್ ಮತ್ತು ಸ್ಕೀಟ್‌ನಲ್ಲಿ ಬಹುತೇಕ ಎಲ್ಲರ ಕೈಯಲ್ಲೂ ಇದೇ ಮಾದರಿ ಇರುವುದಕ್ಕೆ ಇವೇ ಕಾರಣ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಲ್ಲಂತೂ ಎರಡು ಬಿಲ್ಲೆಗಳು ಒಟ್ಟಿಗೇ ಏಳುತ್ತಿದ್ದವು.

ಹಣ ಹೋಗುವುದು ಎಲ್ಲಿಗೆ?

ಕೆತ್ತನೆಗೆ, ಮರದ ನೆರಿಗೆಗೆ ಎಂದು ಹಲವರು ಭಾವಿಸುತ್ತಾರೆ. ಅದು ಸಣ್ಣ ಭಾಗ. ಈ ಕೋವಿಯಲ್ಲಿ ಕಷ್ಟದ ಕೆಲಸ ಎರಡು: ಎರಡು ನಳಿಗೆಗಳನ್ನು ಒಂದೇ ಬಿಂದುವಿಗೆ ಹೊಡೆಯುವಂತೆ ಜೋಡಿಸುವುದು, ಸಾವಿರಾರು ಸಲ ಮುರಿದು ಮುಚ್ಚಿದರೂ ಅಲುಗಾಡದ ಕೀಲನ್ನು ಮಾಡುವುದು.

ನಳಿಗೆಗಳು ನೋಡಲು ಸಮಾನಾಂತರವಾಗಿದ್ದರೂ ಹಾಗಿರುವುದಿಲ್ಲ. ಹೊಡೆದಾಗ ಪ್ರತಿಯೊಂದೂ ಬೇರೆ ರೀತಿಯಲ್ಲಿ ಒದೆಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದು ಕೂದಲೆಳೆಯಷ್ಟು ಓರೆಯಾಗಿ ಬೆಸೆಯಬೇಕು. ಕಡಿಮೆ ಬೆಲೆಯ ಕೋವಿಗಳಲ್ಲಿ ಕೆಲವೊಮ್ಮೆ ಮೇಲಿನ ನಳಿಗೆಯ ಚರೆ ಒಂದೆಡೆ, ಕೆಳಗಿನದರದ್ದು ಒಂದು ಗೇಣು ಆಚೆ ಬೀಳುವುದು ಇದು ಸರಿಯಾಗದ್ದರಿಂದ. ಆಗ ಒಂದು ನಳಿಗೆಯಿಂದ ಬಿಲ್ಲೆ ಒಡೆಯುತ್ತದೆ, ಇನ್ನೊಂದರಿಂದ ಒಡೆಯುವುದಿಲ್ಲ. ಹೊಡೆಯುವವರು ತಪ್ಪು ತಮ್ಮದೆಂದುಕೊಂಡು ಕೊರಗುತ್ತಾರೆ.

ಕೀಲಿನ ಕಥೆ ಹೆಚ್ಚು ಸ್ವಾರಸ್ಯಕರ. ಈಗಿನ ಓವರ್-ಅಂಡರ್‌ಗಳಲ್ಲಿ ಎರಡು ದೊಡ್ಡ ಮನೆತನಗಳಿವೆ ಎನ್ನಬಹುದು. ಒಂದು ಅಮೆರಿಕದ ಕೋವಿ ವಿನ್ಯಾಸಕ ಜಾನ್ ಮೋಸೆಸ್ ಬ್ರೌನಿಂಗ್‌ನದು. ಅವನು ರೂಪಿಸಿದ ಕೊನೆಯ ಕೋವಿ ಸೂಪರ್‌ಪೋಸ್ಡ್. 1926ರಲ್ಲಿ ಬೆಲ್ಜಿಯಂನಲ್ಲಿ ಅವನು ತೀರಿಕೊಂಡಾಗ ಕೆಲಸ ಪೂರ್ತಿಯಾಗಿರಲಿಲ್ಲ. ಮಗ ವಾಲ್ ಅದನ್ನು ಮುಂದುವರಿಸಿದ, 1931ರಲ್ಲಿ ಮಾರುಕಟ್ಟೆಗೆ ಬಂತು. ಅದರ ನಳಿಗೆಗಳು ಕೆಳಗೆ ಅಗಲವಾದ ಒಂದು ಪಿನ್ನಿನ ಮೇಲೆ ತಿರುಗುತ್ತವೆ, ಅಡಿಯಲ್ಲಿರುವ ಚಪ್ಪಟೆ ಬೋಲ್ಟ್ ಬಂದು ಬೀಗ ಹಾಕುತ್ತದೆ. ಬೋಲ್ಟ್ ಇಳಿಜಾರಾಗಿರುವುದರಿಂದ ಸವೆದಂತೆಲ್ಲಾ ಇನ್ನಷ್ಟು ಒಳಕ್ಕೆ ಸರಿದು ಬಿಗಿಯಾಗಿಯೇ ಇರುತ್ತದೆ. 1973ರಿಂದ ಇದೇ ತತ್ವವನ್ನು ಸರಳಗೊಳಿಸಿ, ಕಡಿಮೆ ಖರ್ಚಿನಲ್ಲಿ ಬ್ರೌನಿಂಗ್ ಕಂಪನಿಗಾಗಿ ಮಾಡಿಕೊಡುತ್ತಿರುವುದು ಜಪಾನಿನ ಕೋಚಿ ಪ್ರಾಂತದ ಮಿರೋಕು, ಹೆಸರು ಸಿಟೋರಿ.

ಇನ್ನೊಂದು ಇಟಲಿಯ ಬೆರೆಟ್ಟಾ. ಬ್ರೆಶಿಯಾ ಬಳಿಯ ಗಾರ್ಡೋನೆ ವಾಲ್ ಟ್ರೊಂಪಿಯಾದ ಈ ಮನೆತನದ ನಳಿಗೆ ವ್ಯಾಪಾರಕ್ಕೆ 1526ರ ದಾಖಲೆ ಇದೆ. ಇವರ 686ರಂಥ ಮಾದರಿಗಳಲ್ಲಿ ಅಡಿಯ ಪಿನ್ನಿನ ಬದಲು ಎರಡು ಬದಿಗಳಲ್ಲಿ ಗಿಡ್ಡ ಗುಬುಟುಗಳಿವೆ. ನಳಿಗೆಗಳು ಅವುಗಳ ಮೇಲೆ ತೂಗುತ್ತವೆ, ಬೀಗ ಹಾಕುವ ಗೂಟಗಳು ನಳಿಗೆಗಳ ಪಕ್ಕದಲ್ಲೇ ಹೊರಬರುತ್ತವೆ. ಹಾಗಾಗಿ ಕೋವಿಯ ಒಡಲು ತೆಳುವಾಗಿ, ಕೈಗೆ ಹತ್ತಿರವಾಗಿ ಇರುತ್ತದೆ. ಸವೆದ ಗುಬುಟುಗಳನ್ನು ಬದಲಿಸಿದರೆ ಕೋವಿ ಮತ್ತೆ ಹೊಸದರಂತೆ ಬಿಗಿಯಾಗುತ್ತದೆ. ಈ ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಕ್ಲಬ್ಬುಗಳಲ್ಲಿ ಮುಗಿದದ್ದಿಲ್ಲ. ಕೊಳ್ಳುವವರಿಗೆ ಬೇಕಾದ ಸತ್ಯ ಇಷ್ಟು: ಎರಡೂ ಲಕ್ಷಕ್ಕೂ ಮೀರಿದ ಈಡುಗಳನ್ನು ತಾಳಿಕೊಂಡು ಬಂದ ವಿನ್ಯಾಸಗಳು, ಎರಡಕ್ಕೂ ಬಿಡಿಭಾಗ ಮತ್ತು ರಿಪೇರಿ ಬಲ್ಲವರು ಸಿಗುತ್ತಾರೆ.

ಕಡಿಮೆ ಬೆಲೆಯ ಹೊಸ ಕೋವಿಗಳು ಹೆಚ್ಚಾಗಿ ಟರ್ಕಿಯಿಂದ ಬರುತ್ತವೆ. ಕೊನ್ಯಾ ಪ್ರಾಂತದ ಹುಗ್ಲು ಎಂಬ ಊರು ಕೋವಿ ಕೆಲಸಕ್ಕೇ ಹೆಸರಾದದ್ದು. ಅಮೆರಿಕದಲ್ಲಿ ಸಿಜ಼ೆಡ್ ಹೆಸರಿನಲ್ಲಿ ಮಾರಾಟವಾದ ಓವರ್-ಅಂಡರ್‌ಗಳು ಅಲ್ಲಿಯವು. ಯಿಲ್ಡಿಜ಼್, ಮಾಸ್‌ಬರ್ಗ್‌ನ ಸಿಲ್ವರ್ ರಿಸರ್ವ್ ಕೂಡ ಟರ್ಕಿಯವೇ. ಸ್ಟೋಗರ್ ಕಾಂಡರ್ ಬ್ರೆಜಿಲ್‌ನದು, ಅಗ್ಗದವುಗಳಲ್ಲೊಂದು. ಇವುಗಳನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. 800ರಿಂದ 1,200 ಡಾಲರಿನ ಟರ್ಕಿಯ ಕೋವಿಗಳು ಈಗ ಮೊದಲಿಗಿಂತ ಬಹಳ ಸುಧಾರಿಸಿವೆ, ವರ್ಷಕ್ಕೆ ಸಾವಿರ ಈಡು ಹೊಡೆಯುವವರಿಗೆ ಸಾಕಷ್ಟು ಕಾಲ ಬಾಳುತ್ತವೆ. ತೊಂದರೆ ಏನೆಂದರೆ ಒಂದೇ ಮಾದರಿಯ ಎರಡು ಕೋವಿಗಳ ನಡುವೆ ಗುಣದಲ್ಲಿ ವ್ಯತ್ಯಾಸ ಹೆಚ್ಚು. ಆಮದು ಮಾಡುವ ಕಂಪನಿ ಬದಲಾದರೆ ಬಿಡಿಭಾಗಕ್ಕೆ ಅಲೆಯಬೇಕಾಗುತ್ತದೆ. ಆದ್ದರಿಂದ ಹೆಸರು ನೋಡಿ ಕೊಳ್ಳುವುದಲ್ಲ, ಕೈಯಲ್ಲಿರುವ ಆ ಒಂದು ಕೋವಿಯನ್ನೇ ಪರೀಕ್ಷಿಸಿ ಕೊಳ್ಳಬೇಕು. ರಿಪೇರಿಯ ಹೊಣೆ ಯಾರದು ಎಂದು ಮೊದಲೇ ಕೇಳಬೇಕು.

ಬೆಲೆ ಇಳಿಸಲು ತಯಾರಕರು ಬಿಡುವ ಸೌಲಭ್ಯಗಳಲ್ಲಿ ಕೆಲವು ನಮಗೆ ಬೇಕಾದವಲ್ಲ. ಖಾಲಿ ತೋಟಾವನ್ನು ಹಿಂದಕ್ಕೆ ಚಿಮ್ಮಿಸುವ ಇಜೆಕ್ಟರ್ ಇಲ್ಲದೆ, ಸ್ವಲ್ಪ ಮೇಲೆತ್ತುವ ಎಕ್ಸ್‌ಟ್ರ್ಯಾಕ್ಟರ್ ಮಾತ್ರ ಇದ್ದರೆ ಬಿಲ್ಲೆ ಹೊಡೆಯುವವರಿಗೆ ಏನೂ ನಷ್ಟವಿಲ್ಲ. ಖಾಲಿ ತೋಟಾಗಳನ್ನು ಮತ್ತೆ ತುಂಬಿಸಿಕೊಳ್ಳುವವರಿಗಂತೂ ಅದೇ ಅನುಕೂಲ. ಬದಲಿಸಬಹುದಾದ ಚೋಕ್‌ಗಳು ಮಾತ್ರ ಇರಲೇಬೇಕು. ಕುದುರೆಯ, ಅಂದರೆ ಟ್ರಿಗರ್‌ನ, ಬಗೆಗೆ ಒಂದು ಎಚ್ಚರಿಕೆ: ಕೆಲವು ಕೋವಿಗಳಲ್ಲಿ ಮೊದಲ ಈಡಿನ ಒದೆತವೇ ಎರಡನೆಯ ನಳಿಗೆಗೆ ಕುದುರೆಯನ್ನು ಸಿದ್ಧಗೊಳಿಸುತ್ತದೆ. ಮೊದಲ ತೋಟಾ ಹಾರದೆ ಟುಸ್ಸೆಂದರೆ ಎರಡನೆಯದೂ ಹಾರುವುದಿಲ್ಲ. ಬಹಳ ಹಗುರ ತೋಟಾ ಹಾಕಿದರೂ ಕೆಲವೊಮ್ಮೆ ಹೀಗಾಗುತ್ತದೆ. ಒದೆತವನ್ನು ಅವಲಂಬಿಸದ ಮೆಕ್ಯಾನಿಕಲ್ ಕುದುರೆಯಲ್ಲಿ ಈ ತೊಡಕಿಲ್ಲ. ಬ್ರೌನಿಂಗ್‌ನ 725ರಲ್ಲಿ ಮೆಕ್ಯಾನಿಕಲ್, ಬೆರೆಟ್ಟಾ 686ರಲ್ಲಿ ಒದೆತದಿಂದ ಓಡುವಂಥದ್ದು ಎಂದಾಗ ಇದು ಬೆಲೆಯ ಪ್ರಶ್ನೆಯಲ್ಲ ಎಂಬುದು ತಿಳಿಯುತ್ತದೆ. ಯಾವುದಿದೆ ಎಂದು ಗೊತ್ತಿದ್ದರೆ ಸಾಕು.

ತೂಕ, ಒದೆತ, ತೋಟಾ

ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಗುರ ಕೋವಿ ಮನಸ್ಸಿಗೆ ಹಿಡಿಸುತ್ತದೆ. 2.7 ಕಿಲೋ ತೂಗುವ ಬೇಟೆಯ ಮಾದರಿಗಳು ದಿನವಿಡೀ ಹೊತ್ತು ನಡೆದು ನಾಲ್ಕು ಈಡು ಹೊಡೆಯುವವರಿಗಾಗಿ ಮಾಡಿದವು. ಬಿಲ್ಲೆಯ ಆಟದಲ್ಲಿ ನಡಿಗೆ ಕಡಿಮೆ, ಈಡು ನೂರು. ಒಂದೇ ತೋಟಾ ಹಾಕಿದಾಗ ಹೆಗಲಿಗೆ ತಟ್ಟುವ ಶಕ್ತಿ ಕೋವಿಯ ತೂಕಕ್ಕೆ ವಿಲೋಮವಾಗಿರುತ್ತದೆ. 3.6 ಕಿಲೋದ ಕೋವಿಗಿಂತ 2.7 ಕಿಲೋದ್ದು ಮೂರನೇ ಒಂದು ಪಾಲು ಹೆಚ್ಚು ಜೋರಾಗಿ ಒದೆಯುತ್ತದೆ. ಐವತ್ತನೆಯ ಈಡಿನ ಹೊತ್ತಿಗೆ ಆ ವ್ಯತ್ಯಾಸ ಕೆನ್ನೆಗೆ, ಹೆಗಲಿಗೆ ಗೊತ್ತಾಗುತ್ತದೆ. ಹೊಡೆಯುವ ಮೊದಲೇ ಮೈ ಬೆಚ್ಚಲು ಶುರುವಾಗುತ್ತದೆ, ಅಲ್ಲಿಂದ ಗುರಿ ಕೆಡುತ್ತದೆ. ಆದ್ದರಿಂದ 3.4ರಿಂದ 3.8 ಕಿಲೋ, 28 ಅಥವಾ 30 ಇಂಚಿನ ನಳಿಗೆ ಎಂದು ಗಟ್ಟಿಮಾಡಿಕೊಳ್ಳಿ. ಉದ್ದದ ನಳಿಗೆಯಿಂದ ಚರೆ ಹೆಚ್ಚು ದೂರ ಹೋಗುತ್ತದೆಂದಲ್ಲ, ಮುಂದಿನ ಭಾರದಿಂದ ಕೋವಿ ಹಾಯಾಗಿ, ನಿಲ್ಲದೆ ಹರಿದು ತಿರುಗುತ್ತದೆ.

ನಳಿಗೆಯ ಅಳತೆ 12 ಬೋರ್ ಇರಲಿ (ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು). 20 ಬೋರ್ ಮೃದು ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದರ ಕೋವಿಗಳೂ ಹಗುರವಾಗಿರುವುದರಿಂದ ಲಾಭ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ, ತೋಟಾದ ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಒದೆತ ತಗ್ಗಿಸಬೇಕೆಂದರೆ ಭಾರದ 12 ಬೋರ್ ಕೋವಿಗೆ ಹಗುರ ತೋಟಾ ಹಾಕುವುದೇ ದಾರಿ. ವೇಗ ಒಂದೇ ಆಗಿದ್ದರೆ 32 ಗ್ರಾಂ ಚರೆಯ ಬದಲು 24 ಗ್ರಾಂನದು ಹಾಕಿದಾಗ ಒದೆತದ ಶಕ್ತಿ ಹೆಚ್ಚುಕಡಿಮೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಒಲಿಂಪಿಕ್ಸ್‌ನ ನಿಯಮವೇ 24 ಗ್ರಾಂಗೆ ಮಿತಿ ಹಾಕಿದೆ. ಅಲ್ಲಿನ ಅತಿ ವೇಗದ ಬಿಲ್ಲೆಗಳು ಅಷ್ಟರಲ್ಲೇ ಒಡೆಯುತ್ತವೆಂದ ಮೇಲೆ ನಮಗೆ ಸಾಲದೇ?

ಮೈಗೆ ಹೊಂದುವುದು

ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುವುದು. ರೈಫಲಿನಲ್ಲಿ ಹಿಂದೊಂದು ಮುಂದೊಂದು ಗುರಿಗುರುತು ಇರುತ್ತದೆ. ಈ ಕೋವಿಯಲ್ಲಿ ಮುಂದಿನ ಮಣಿ ಮಾತ್ರ, ಹಿಂದಿನ ಗುರುತು ನಿಮ್ಮ ಕಣ್ಣು. ಹೆಗಲಿಗೆ ಆನಿಸುವ ಮರದ ಭಾಗ, ಅಂದರೆ ಸ್ಟಾಕ್, ನಿಮ್ಮ ಕೆನ್ನೆಯನ್ನು ಎಲ್ಲಿ ನಿಲ್ಲಿಸುತ್ತದೋ ಕಣ್ಣು ಅಲ್ಲೇ ನಿಲ್ಲುತ್ತದೆ. ಮರ ಎತ್ತರವಾದರೆ ಈಡು ಮೇಲೆ, ತಗ್ಗಾದರೆ ಕೆಳಗೆ. ಕಾರ್ಖಾನೆಯ ಅಳತೆಗಳು ಸಾಮಾನ್ಯವಾಗಿ ಸುಮಾರು ಐದು ಅಡಿ ಒಂಬತ್ತು, ಹತ್ತು ಇಂಚು ಎತ್ತರದ ಗಂಡಸಿಗೆ ಹೊಂದುವಂತಿರುತ್ತವೆ. ಕುದುರೆಯಿಂದ ಹಿಂತುದಿಗೆ ಹದಿನಾಲ್ಕೂವರೆ ಇಂಚಿನ ಆಸುಪಾಸು. ಅದಕ್ಕಿಂತ ಕುಳ್ಳಗಿರುವವರಿಗೆ, ಹೆಚ್ಚಿನ ಹೆಂಗಸರಿಗೆ ಅದು ಉದ್ದ. ಉದ್ದದ ಸ್ಟಾಕ್ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ತೋಳಿನ ಮೇಲೆ ಕೂತು ನೀಲಿಗಟ್ಟಿಸುತ್ತದೆ. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಉದ್ದವನ್ನು ಕತ್ತರಿಸಿ ಕಡಿಮೆ ಮಾಡಿಸಬಹುದು, ರಬ್ಬರ್ ತುಂಡು ಸೇರಿಸಿ ಹೆಚ್ಚಿಸಬಹುದು. ಇದು ದೊಡ್ಡ ಖರ್ಚಲ್ಲ. ಕೆನ್ನೆ ಕೂರುವ ಭಾಗವನ್ನು ಏರಿಸಿ ಇಳಿಸಬಹುದಾದ ಸ್ಟಾಕ್ ಇರುವ ಕೋವಿ ಸಿಕ್ಕರೆ ನೂರಿನ್ನೂರು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅನುಮತಿ ಕೇಳಿ, ಖಾಲಿಯೆಂದು ಖಚಿತಪಡಿಸಿಕೊಂಡು, ಜನರಿಲ್ಲದ ಕಡೆ ತಿರುಗಿ, ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ ಕೆನ್ನೆ ಆನಿಸಿ. ಈಗ ಕಣ್ಣು ತೆರೆಯಿರಿ. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ಮಣಿ ಅದರ ತುದಿಯಲ್ಲಿ ಕೂತಂತೆ ಕಂಡರೆ ಹೊಂದುತ್ತದೆ. ಕೋವಿಯ ಹಿಂಭಾಗ ಮಾತ್ರ ಕಂಡು ಮಣಿ ಮರೆಯಾದರೆ ತಗ್ಗು. ಪಟ್ಟಿ ಇಳಿಜಾರು ರಸ್ತೆಯಂತೆ ಉದ್ದಕ್ಕೂ ಕಂಡರೆ ಎತ್ತರ. ಕುತ್ತಿಗೆ ಬಾಗಿಸಿ ಸರಿಪಡಿಸಿಕೊಳ್ಳಬೇಡಿ; ಬಿಲ್ಲೆ ಹಾರುವಾಗ ಅದಕ್ಕೆ ಸಮಯ ಸಿಗುವುದಿಲ್ಲ. ಇದೇ ಹೊತ್ತಿನಲ್ಲಿ ನಿಮ್ಮ ಯಾವ ಕಣ್ಣು ಪ್ರಬಲ ಎಂದೂ ತಿಳಿದುಕೊಳ್ಳಿ. ಎರಡೂ ಕಣ್ಣು ತೆರೆದು ದೂರದ ವಸ್ತುವಿಗೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಬೆರಳು ವಸ್ತುವಿನ ಮೇಲೇ ಉಳಿಯುತ್ತದೋ ಅದು. ಬಲಗೈಯವರಾಗಿ ಎಡಗಣ್ಣು ಪ್ರಬಲವಾಗಿದ್ದರೆ ಎಡಹೆಗಲಿನಿಂದ ಹೊಡೆಯುವುದನ್ನು ಮೊದಲಿನಿಂದಲೇ ಕಲಿಯುವುದು ಉತ್ತಮ. ಆಗ ಸ್ಟಾಕಿನ ಓರೆಯೂ ಎಡಗೈಯವರದ್ದಾಗಿರಬೇಕು, ಇಲ್ಲವೇ ನೇರವಾಗಿರಬೇಕು.

ಕೊಂಡ ಮೇಲೆ ದೊಡ್ಡ ಕಾಗದಕ್ಕೆ 16 ಗಜದಿಂದ ಪ್ರತಿ ನಳಿಗೆಯಿಂದ ನಾಲ್ಕೈದು ಈಡು ಹೊಡೆದು ನೋಡಿ. ಚರೆಗಳ ನಡುಬಿಂದು ಗುರಿಗಿಂತ ಎರಡು ಇಂಚು ಕೆಳಗಿದ್ದರೆ ಕೆನ್ನೆಯ ಮರವನ್ನು ಎಂಟನೇ ಒಂದು ಇಂಚು ಏರಿಸಬೇಕು. ಒಂದು ಇಂಚಿಗೆ ಹದಿನಾರನೇ ಒಂದಿಂಚು ಎಂಬುದು ಅಲ್ಲಿನ ರೂಢಿಯ ಲೆಕ್ಕ. ಎರಡು ನಳಿಗೆಗಳು ಒಂದೇ ಕಡೆ ಹೊಡೆಯುತ್ತವೆಯೇ ಎಂಬುದೂ ಇದೇ ಕಾಗದದಲ್ಲಿ ತಿಳಿಯುತ್ತದೆ.

ಹಳೆಯದನ್ನು ಹೇಗೆ ನೋಡಬೇಕು?

ಬಳಸಿದ ಸಿಟೋರಿ ಅಥವಾ ಬೆರೆಟ್ಟಾ 686, ಸ್ಥಿತಿಗೆ ತಕ್ಕಂತೆ, 1,200ರಿಂದ 1,800 ಡಾಲರಿಗೆ ಸಿಗುವ ಸಾಧ್ಯತೆ ಇದೆ. ಈಗ ಲೆಕ್ಕ ಹಾಕಿ. 600 ಡಾಲರಿನ ಹೊಸ ಅಗ್ಗದ ಕೋವಿಯನ್ನು ಮೂರು ವರ್ಷದ ಮೇಲೆ ಮಾರಿದರೆ 300 ಬಂದೀತು ಎಂದುಕೊಳ್ಳಿ. 1,500ಕ್ಕೆ ಕೊಂಡ ಹಳೆಯ ಸಿಟೋರಿ ಅದೇ ಮೂರು ವರ್ಷದ ಮೇಲೆ 1,400ರ ಹತ್ತಿರ ಹೋಗುತ್ತದೆ, ಏಕೆಂದರೆ ಅದರ ಮೊದಲ ಇಳಿಕೆಯನ್ನು ಹಿಂದಿನ ಒಡೆಯರೇ ಹೊತ್ತಿದ್ದಾರೆ. ಇನ್ನೊಂದು ಕಡೆ ವರ್ಷಕ್ಕೆ ಹತ್ತು ಸಲ, ಸಲಕ್ಕೆ ನೂರು ಈಡು ಎಂದರೆ ಸಾವಿರ ತೋಟಾ. 25ರ ಪೆಟ್ಟಿಗೆಗೆ 10 ಡಾಲರ್ ಎಂದರೂ 400 ಡಾಲರ್, ಮೇಲೆ ಕ್ಲಬ್ಬಿನ ಶುಲ್ಕ. ಎರಡು ವರ್ಷದಲ್ಲಿ ತೋಟಾ ಮತ್ತು ಶುಲ್ಕಕ್ಕೇ ಕೋವಿಯ ಬೆಲೆ ಹೋಗಿರುತ್ತದೆ. ಒಟ್ಟು ಖರ್ಚಿನಲ್ಲಿ ಕೋವಿಯ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಹಳೆಯದನ್ನು ನೋಡುವಾಗ ಮೊದಲು ಮೇಲಿನ ಸನ್ನೆಯನ್ನು, ಅಂದರೆ ಕೋವಿ ತೆರೆಯಲು ಹೆಬ್ಬೆರಳಿನಿಂದ ತಳ್ಳುವ ಲಿವರನ್ನು, ಗಮನಿಸಿ. ಕೋವಿ ಮುಚ್ಚಿದಾಗ ಸನ್ನೆ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ನಿಂತಿದ್ದರೆ ಬೀಗ ಇನ್ನೂ ಹೊಸದರಂತಿದೆ. ಸವೆದಂತೆ ಅದು ನಡುವಿಗೆ ಬರುತ್ತದೆ. ನಡುವನ್ನು ದಾಟಿ ಎಡಕ್ಕೆ ಹೋಗಿದ್ದರೆ ರಿಪೇರಿಯ ಖರ್ಚು ಕಾದಿದೆ. ಆಮೇಲೆ ಮುಂಗೈ ಹಿಡಿಯುವ ಮರವನ್ನು ಕಳಚಿ, ಕೋವಿ ಮುಚ್ಚಿಟ್ಟು, ನಳಿಗೆಗಳನ್ನು ಹಿಡಿದು ಅಕ್ಕಪಕ್ಕಕ್ಕೂ ಮೇಲೆಕೆಳಕ್ಕೂ ಅಲುಗಿಸಿ. ಕೀಲಿನಲ್ಲಿ ಕಿಂಚಿತ್ ಸಡಿಲ ಕಂಡರೂ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಮರ ಹಾಕಿಕೊಂಡು ನೋಡಿದರೆ ಈ ಸಡಿಲ ಮರೆಯಾಗುತ್ತದೆ, ಅದಕ್ಕೇ ಕಳಚಬೇಕು. ನಳಿಗೆಗಳನ್ನು ಬೇರ್ಪಡಿಸಿ, ಕೊಕ್ಕೆಯಿಂದ ಬೆರಳಿಗೆ ನೇತುಹಾಕಿ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ದನಿ ಎದ್ದರೆ ನಡುವಿನ ಪಟ್ಟಿಗಳ ಬೆಸುಗೆ ಗಟ್ಟಿ. ಮಂದವಾಗಿ, ಕರಕರ ಎಂದರೆ ಎಲ್ಲೋ ಬಿಟ್ಟಿದೆ. ಬೆಳಕಿನ ಕಡೆ ಹಿಡಿದು ಒಳಗೆ ನೋಡಿ: ಬೆಳಕಿನ ಉಂಗುರಗಳು ಒಂದರೊಳಗೊಂದು ಸಮವಾಗಿರಬೇಕು. ಉಂಗುರ ಒಂದೆಡೆ ಮುರಿದಿದ್ದರೆ ಹೊರಗಿನ ತಗ್ಗು, ಅಗಲವಾಗಿದ್ದರೆ ಉಬ್ಬು. ತಗ್ಗನ್ನು ಎತ್ತಿಸಬಹುದು. ಉಬ್ಬಿದ ನಳಿಗೆಯನ್ನು ಮುಟ್ಟಲೇಬೇಡಿ.

ಕುದುರೆಯನ್ನು ಖಾಲಿ ಕೋವಿಯಲ್ಲಿ ಎಳೆಯದೆ, ಅದಕ್ಕೆಂದೇ ಇರುವ ನಕಲಿ ತೋಟಾ ಹಾಕಿ ಪರೀಕ್ಷಿಸಿ. ಒದೆತದಿಂದ ಓಡುವ ಕುದುರೆಯಾದರೆ ಮೊದಲನೆಯದನ್ನು ಎಳೆದ ಮೇಲೆ ಸ್ಟಾಕಿನ ಹಿಂತುದಿಯನ್ನು ಅಂಗೈಯಿಂದ ಜೋರಾಗಿ ತಟ್ಟಿ, ಆಮೇಲೆ ಎರಡನೆಯದು ಬಿಡುತ್ತದೆಯೇ ನೋಡಿ. ಚೇಂಬರ್, ಅಂದರೆ ತೋಟಾ ಕೂರುವ ಗೂಡು, 70 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ ತೋಟಾಗೆ ಎಂದು ನಳಿಗೆಯ ಮೇಲೆ ಬರೆದಿರಬೇಕು. ಯುರೋಪಿನ ಹಳೆಯ ಕೋವಿಗಳಲ್ಲಿ 65 ಇರುವುದುಂಟು, ಅವುಗಳಿಗೆ ಈಗಿನ ತೋಟಾ ಅಪಾಯಕಾರಿ. 1960ರ ದಶಕದ ಕೊನೆಯ ಬೆಲ್ಜಿಯಂ ಬ್ರೌನಿಂಗ್ ಕಣ್ಣಿಗೆ ಬಿದ್ದರೆ ಮೋಹಗೊಳ್ಳುವ ಮೊದಲು ಮರವನ್ನು ಬಿಚ್ಚಿ ಲೋಹ ನೋಡಿ. ಆ ಕಾಲದಲ್ಲಿ ಉಪ್ಪು ಹಾಕಿ ಬೇಗ ಒಣಗಿಸಿದ ವಾಲ್‌ನಟ್ ಬಳಕೆಯಾಗಿತ್ತು. ಅಂಥ ಮರ ಮುಟ್ಟಿದಲ್ಲೆಲ್ಲಾ ಉಕ್ಕು ತುಕ್ಕು ಹಿಡಿಯುತ್ತದೆ. ನಿಮ್ಮ ಕ್ಲಬ್ಬಿನಲ್ಲಿ ಸೀಸದ ಚರೆಗೆ ನಿಷೇಧವಿದ್ದರೆ, ಬದಲಿಸಲಾಗದ ಬಿಗಿ ಚೋಕಿನ ಹಳೆಯ ಕೋವಿ ಬೇಡವೇ ಬೇಡ. ಗಟ್ಟಿ ಉಕ್ಕಿನ ಚರೆ ಅಂಥ ನಳಿಗೆಯ ಬಾಯನ್ನು ಉಬ್ಬಿಸಿಬಿಡಬಹುದು.

ಭಾರತದಲ್ಲಿರುವವರು ಈ ಲೆಕ್ಕವನ್ನು ಹಾಗೆಯೇ ಬಳಸಲು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿ ಬೇಕು, ಹೊರದೇಶದ ಕೋವಿಯನ್ನು ತರಿಸಿಕೊಳ್ಳುವ ಅವಕಾಶ ಮುಖ್ಯವಾಗಿ ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ ಸೀಮಿತ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ, ಅದು 2029ರವರೆಗೆ ವಿಸ್ತರಣೆಯಾಗಿದೆ. ಆದರೆ ಆ ವಿನಾಯಿತಿ ಆಮದಿನ ಬಾಗಿಲನ್ನು ತೆರೆಯುವುದಿಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕೈ ಪಳಗಿದವರು ಅಮೆರಿಕದ ಕ್ಲಬ್ಬಿಗೆ ಹೋದಾಗ ಒಂದನ್ನು ಗಮನಿಸಬೇಕು: ತೆಂಗಿನಕಾಯಿ ನಿಂತಿರುತ್ತದೆ, ಬಿಲ್ಲೆ ಓಡುತ್ತದೆ. ಕೋವಿಯನ್ನು ನಿಲ್ಲಿಸಿ ಹೊಡೆಯುವ ಅಭ್ಯಾಸ ಬಿಟ್ಟು, ಬಿಲ್ಲೆಯ ಮುಂದೆ ಸಾಗುತ್ತಲೇ ಕುದುರೆ ಎಳೆಯುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ. ಒಬ್ಬ ಶಿಕ್ಷಕರ ಬಳಿ ಒಂದು ಗಂಟೆಯ ಪಾಠಕ್ಕೆ ಕೊಡುವ ಹಣ, ಕೋವಿಯ ಮೇಲೆ ಹಾಕುವ ಅಷ್ಟೇ ಹಣಕ್ಕಿಂತ ಹೆಚ್ಚು ಬಿಲ್ಲೆ ಒಡೆಸುತ್ತದೆ. ಕ್ಲಬ್ಬುಗಳಲ್ಲಿ ಬಾಡಿಗೆಗೆ ಸಿಗುವ ಎರಡು ಮೂರು ಬಗೆಯ ಕೋವಿಗಳನ್ನು, ಕಾನೂನು ನಿಮಗೆ ಅನುಮತಿಸಿದರೆ, ಆ ಪಾಠದಲ್ಲೇ ಹೊಡೆದು ನೋಡಿ ಆಮೇಲೆ ಕೊಳ್ಳಿ.

ಮನೆಗೆ ತಂದ ಮೇಲೆ ಕೆಲಸ ಹೆಚ್ಚಿಲ್ಲ. ಕೋವಿ ಒಂದು ಬೀಗದ ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ, ಮಕ್ಕಳ ಕೈಗೆ ಎರಡರ ಬೀಗದ ಕೈಯೂ ಎಟುಕದಂತೆ. ಪ್ರತಿ ಆಟದ ನಂತರ ನಳಿಗೆಯೊಳಗೆ ಎಣ್ಣೆಬಟ್ಟೆ ಹಾಯಿಸಿ; ಚೋಕ್‌ಗಳನ್ನು ಬಿಚ್ಚಿ, ಅವುಗಳ ತಿರುಪಿನ ಎಳೆಗಳಿಗೆ ಚೂರು ಗ್ರೀಸ್ ಹಚ್ಚಿ ಮತ್ತೆ ತಿರುಗಿಸಿ, ಇಲ್ಲವಾದರೆ ಅಲ್ಲೇ ಕಚ್ಚಿಕೊಳ್ಳುತ್ತವೆ. ಕೀಲಿನ ಪಿನ್ ಅಥವಾ ಗುಬುಟುಗಳ ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಉಗುರಿನ ತುದಿಯಷ್ಟು ಹೊಸದು ಹಚ್ಚಿ. ಹಳೆಯ ಗ್ರೀಸಿನಲ್ಲಿ ಮದ್ದಿನ ಕಿಟ್ಟ ಸೇರಿಕೊಂಡು ಕೀಲನ್ನು ಅರದಂತೆ ತೇಯುತ್ತದೆ. ಹೆಚ್ಚಿನ ಕೋವಿಗಳು ಸಡಿಲವಾಗುವುದು ಹೊಡೆದು ಹೊಡೆದಲ್ಲ, ಈ ಎರಡು ನಿಮಿಷದ ಕೆಲಸವನ್ನು ಬಿಟ್ಟದ್ದರಿಂದ.